ಮೂರುಗುಡಿಯನ್ನು ಸರಕಾರದ ಪಟ್ಟಿಗೆ ಸೇರಿಸಲು ಹೋದದ್ದು

ಸೋಮವಾರ ಬೆಳಗಿನ ಗಾಡಿಗೆ ನಾನು ರಾಣೆಬೆನ್ನೂರು ಬಿಟ್ಟೆ. ಬ್ಯಾಡಗಿಗೆ ಮೂರನೇ ದರ್ಜೆಯ ತಿಕೀಟು ನಾಲ್ಕಾಣೆ. ಹೆಂಗಸರ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತೊಡೆಯ ಮೇಲಿದ್ದ ಚೀಲದಲ್ಲಿ ಎರಡು ಸೀರೆಗಳ ಜೊತೆಗೆ ಐವತ್ತು ಅಡಿಯ ಟೇಪು, ದಪ್ಪ ಕಾಗದದ ಸುರುಳಿ, ಗಟ್ಟಿ ಕೂದಲಿನ ಒಂದು ಬ್ರಶ್ಶು, ಮಸಿಯ ಡಬ್ಬಿ ಇದ್ದವು. ಎದುರಿಗೆ ಕೂತಿದ್ದ ಮುದುಕಿ ಹೊರಗೆ ಚಾಚಿದ್ದ ಬ್ರಶ್ಶಿನ ಹಿಡಿಕೆ ನೋಡಿ, “ಎಲ್ಲಿ ಸುಣ್ಣಾ ಹಚ್ಚಾಕ ಹೊಂಟೀಯವ್ವಾ?” ಎಂದು ಕೇಳಿದಳು.

“ಸುಣ್ಣ ಅಲ್ಲಜ್ಜಿ, ಹಳೇ ಕಲ್ಲಿನ ಮ್ಯಾಲಿನ ಅಕ್ಷರ ತಕ್ಕೋಳಾಕ” ಎಂದೆ.

ಅವಳು, “ನೀ ತಕ್ಕೊಂಡ ಮ್ಯಾಲೆ ಕಲ್ಲಿನಾಗ ಉಳೀತಾವೇನು?” ಎಂದಳು. ಉಳಿಯುತ್ತವೆ ಎಂದು ಹೇಳಿದೆ. ಆದರೆ ಆ ಕಲ್ಲೇ ಉಳಿಯುವುದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅದಕ್ಕೆಂದೇ ಹೊರಟಿದ್ದೆ.

ನಾನು ರಾಣೆಬೆನ್ನೂರಿನ ಹೆಣ್ಣುಮಕ್ಕಳ ಸಾಲೆಯಲ್ಲಿ ಹನ್ನೊಂದು ವರ್ಷದಿಂದ ಕಲಿಸುತ್ತಿದ್ದೇನೆ. ಗಂಡ ತೀರಿಕೊಂಡ ಮೇಲೆ ನನ್ನನ್ನು ಮುಂದಕ್ಕೆ ಓದಿಸಿದವರು ತಂದೆ. ಅವರೂ ಮಾಸ್ತರರಾಗಿದ್ದರು. ಸಾಲೆಗೆ ಸೂಟಿ ಇದ್ದಾಗ ಊರೂರು ತಿರುಗಿ ಶಾಸನಗಳ ಅಚ್ಚು ತೆಗೆಯುವ ಹುಚ್ಚು ಅವರಿಗೆ. ಹಳೆಯ ಅಕ್ಷರ ಓದುವುದನ್ನು, ಅಚ್ಚು ತೆಗೆಯುವುದನ್ನು ಅವರಿಂದಲೇ ಕಲಿತೆ. ನನ್ನ ತಾಯಿಯ ತವರೂರು ಬ್ಯಾಡಗಿಯಿಂದ ಮೂಡಲಿಗೆ ಎಂಟು ಮೈಲು ದೂರದ ಒಂದು ಸಣ್ಣ ಹಳ್ಳಿ. ಅಲ್ಲಿ ನನ್ನ ಸೋದರಮಾವ ಚನ್ನಪ್ಪನ ಹೊಲದಲ್ಲಿ ಮೂರು ಗರ್ಭಗುಡಿಗಳಿರುವ ಒಂದು ಪಾಳುಗುಡಿ ಇದೆ. ಊರವರು ಅದನ್ನು ಮೂರುಗುಡಿ ಎನ್ನುತ್ತಾರೆ. ಪೂಜೆ ನಿಂತು ಎಷ್ಟು ತಲೆಮಾರಾಯಿತೋ ಹೇಳುವವರಿಲ್ಲ.

ಈ ಗುಡಿಯನ್ನು ಸರಕಾರ ಕಾಪಾಡಬೇಕೆಂದು ನಾನು ಪ್ರಾಚೀನ ಕಟ್ಟಡಗಳನ್ನು ನೋಡಿಕೊಳ್ಳುವ ಕಚೇರಿಗೆ ಒಂದು ಅರ್ಜಿ ಬರೆದಿದ್ದೆ. ನಾಲ್ಕು ತಿಂಗಳಿಗೆ ಉತ್ತರ ಬಂತು. ದೇಶದ ಮಹತ್ವದ ಕಟ್ಟಡಗಳ ಪಟ್ಟಿಗೆ ಒಂದು ಗುಡಿಯನ್ನು ಸೇರಿಸಬೇಕಾದರೆ ಅದರ ಅಳತೆಯ ನಕ್ಷೆ ಬೇಕು, ಜಾಗದ ಸರ್ವೆ ನಂಬರು ಬೇಕು, ಮಾಲೀಕರು ಯಾರು, ಪೂಜೆ ನಡೆಯುತ್ತದೆಯೋ ಇಲ್ಲವೋ ತಿಳಿಯಬೇಕು, ಶಾಸನವಿದ್ದರೆ ಅದರ ಅಚ್ಚು ಬೇಕು. ತಮ್ಮ ಅಧಿಕಾರಿಯೊಬ್ಬರು ಗುರುವಾರ ಹಾವೇರಿಯ ಪ್ರವಾಸಿ ಬಂಗಲೆಯಲ್ಲಿ ಇರುತ್ತಾರೆ, ಮಧ್ಯಾಹ್ನದೊಳಗೆ ಬಂದು ಕೊಡಬಹುದು ಎಂದಿತ್ತು. ಆ ಕಾಗದ ಕೈಸೇರಿದ ಮರುದಿನವೇ ಅತ್ತೆ ಯಾರಿಂದಲೋ ಬರೆಸಿದ ಒಂದು ಕಾರ್ಡು ಬಂತು. ಗಾಡಿ ದಾಟುವಂತೆ ಹಳ್ಳಕ್ಕೆ ಮೋರಿ ಕಟ್ಟಲು ನಿಮ್ಮ ಮಾವ ಮೂರುಗುಡಿಯ ಕಲ್ಲು ಕೊಡುವವರಿದ್ದಾರೆ, ಅಮಾವಾಸ್ಯೆ ಮುಗಿದ ಮರುದಿನ ಕೆಡವುತ್ತಾರೆ ಎಂದು ಅದರಲ್ಲಿತ್ತು. ಬುಧವಾರ ಅಮಾವಾಸ್ಯೆ. ನಾಲ್ಕು ದಿನದ ರಜೆ ಕೇಳಿಕೊಂಡು ಹೊರಟುಬಿಟ್ಟೆ.

ಬ್ಯಾಡಗಿಯಲ್ಲಿ ಇಳಿಯುವ ಮೊದಲೇ ಮೆಣಸಿನಕಾಯಿಯ ಘಾಟು ಡಬ್ಬಿಯೊಳಗೆ ಬಂತು. ಇಳಿದವರೆಲ್ಲ ಸೀನಿಕೊಳ್ಳುತ್ತಲೇ ಹೊರಗೆ ನಡೆದರು. ಪೇಟೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಕೆಂಪು ರಾಶಿಗಳು, ಅವುಗಳ ನಡುವೆ ತಲೆಗೆ ವಸ್ತ್ರ ಸುತ್ತಿಕೊಂಡ ಹಮಾಲರು. ನಾನೆಣಿಸಿದಂತೆ ಸೋಮವಾರದ ಪೇಟೆಗೆ ಬಂದಿದ್ದ ಮಾವ ತನ್ನ ಮಾಲು ಮಾರಿ ಖಾಲಿ ಗಾಡಿಯ ಹತ್ತಿರ ನಿಂತಿದ್ದ. ನನ್ನನ್ನು ನೋಡಿ ಅವನಿಗೆ ಆಶ್ಚರ್ಯವಾಯಿತು.

“ಯಾಕ ಶಾಂತಾ, ಸಾಲಿ ಸೂಟಿ ಐತೇನು?”

“ಸೂಟಿ ಇಲ್ಲ ಮಾಮಾ. ರಜಾ ಹಾಕಿ ಬಂದೇನಿ.”

ಖಾನಾವಳಿಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ತಿಂದು ಗಾಡಿ ಹತ್ತಿದೆವು. ಬಿಸಿಲು ಚುರುಗುಟ್ಟುತ್ತಿತ್ತು. ಎರೆಹೊಲಗಳಲ್ಲಿ ಹತ್ತಿ ಒಡೆದಿತ್ತು. ಮೂರು ಮೈಲಿನ ತನಕ ಮಳೆ-ಬೆಳೆಯ ಮಾತಾಡಿದೆವು. ಆಮೇಲೆ ನಾನೇ ಕೇಳಿದೆ: “ಮೂರುಗುಡಿ ಕೆಡವೂದು ಖರೇ ಏನು ಮಾಮಾ?”

ಮಾವ ತಿರುಗಿ ನೋಡಲಿಲ್ಲ. “ಖರೇ. ಲೋಕಲ್ ಬೋರ್ಡಿನವರು ಮೋರಿ ಮಂಜೂರ ಮಾಡ್ಯಾರ. ಕಲ್ಲು ಊರವರು ಕೊಟ್ಟರ ಈ ವರ್ಷನ ಕಟ್ಟತೇನಿ ಅಂದಾನ ಗುತ್ತೇದಾರ. ಇಲ್ಲಂದ್ರ ಮುಂದಿನ ವರ್ಷದ ಮಾತು. ಹೊಲ ನಂದು, ಗುಡಿ ನನ್ನ ಉತಾರದಾಗ ಐತಿ. ಕೊಟ್ಟೇನಿ.”

ಸ್ವಲ್ಪ ಹೊತ್ತಿಗೆ ಆ ಹಳ್ಳವೇ ಬಂತು. ಮಾಘದ ಬಿಸಿಲಿಗೆ ಹನಿ ನೀರಿರಲಿಲ್ಲ, ಬರೀ ಉಸುಕು, ಗುಂಡುಕಲ್ಲು. ಆದರೂ ಮಾವ ಗಾಡಿಯಿಂದ ಇಳಿದು, ಎತ್ತುಗಳ ಹಗ್ಗ ಹಿಡಿದು ನಡೆಯುತ್ತ ದಾಟಿಸಿದ. ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ಅವನ ಒಬ್ಬಳೇ ಮಗಳು ನೀಲವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನೋವು ಹತ್ತಿ ಒಂದು ಹಗಲು ಕಳೆದರೂ ಹೆರಿಗೆಯಾಗಲಿಲ್ಲ. ಹಾವೇರಿಯ ದವಾಖಾನೆಗೆ ಒಯ್ಯಲು ಗಾಡಿ ಹೂಡಿದರು. ಹಳ್ಳ ತುಂಬಿ ಹರಿಯುತ್ತಿತ್ತು. ನೀರು ಇಳಿಯಲೆಂದು ದಂಡೆಯ ಮೇಲೆ ಕಾದರು. ಅಲ್ಲಿ, ಗಾಡಿಯಲ್ಲೇ, ತಾಯಿ ಮಗು ಇಬ್ಬರೂ ಹೋದರು.

ನಾನು ಮಾಡಲು ಬಂದ ಕೆಲಸ ಎಷ್ಟು ಕಠಿಣವೆಂಬುದು ಅಲ್ಲಿ ತಿಳಿಯಿತು. ಆದರೆ ಹಿಂದಿರುಗುವ ಯೋಚನೆ ಬರಲಿಲ್ಲ. ಮೋರಿ ಆಗಲೇಬೇಕು, ಗುಡಿಯೂ ಉಳಿಯಬೇಕು ಎಂದು ಮನಸ್ಸು ಗಟ್ಟಿಮಾಡಿಕೊಂಡೆ. ಹೇಗೆಂಬುದು ಮಾತ್ರ ಗೊತ್ತಿರಲಿಲ್ಲ.

ಮಂಗಳವಾರ ಬೆಳಗ್ಗೆ ಹೊಲಕ್ಕೆ ಹೋದೆ. ಮೂವತ್ತು ವರ್ಷದಿಂದ ಮಾವನ ಮನೆಯವರು ಗುಡಿಯೊಳಗೆ ದನಗಳ ಮೇವಿಗೆ ಜೋಳದ ಕಣಿಕೆ ಒಟ್ಟುತ್ತ ಬಂದಿದ್ದಾರೆ. ಶಾಸನದ ಕಲ್ಲು ಆ ಕಣಿಕೆಯ ಹಿಂದೆ ಗೋಡೆಗೆ ಆನಿಕೊಂಡಿತ್ತು. ನಾನೊಬ್ಬಳೇ ಕಣಿಕೆಯ ಸಿವುಡು ಎಳೆಯುತ್ತಿರುವಾಗ ಅತ್ತೆ ಬಂದು, ಸೆರಗು ಬಿಗಿದು ಕೈಹಚ್ಚಿದಳು.

“ಕಾರ್ಡ್ ಬರೆಸಿದ್ದು ಮಾಮಾಗ ಗೊತ್ತೈತೇನು ಅತ್ತಿ?”

“ಇಲ್ಲ. ನೀಲಿ ಸಣ್ಣಾಕಿದ್ದಾಗ ಈ ಕಂಬದ ಸುತ್ತನ ಆಡ್ತಿದ್ಲು. ಅದನ್ನ ಕೆಡವಬ್ಯಾಡ್ರಿ ಅಂತ ಅವರಿಗೆ ಹೆಂಗ ಹೇಳ್ಲಿ? ಅವರು ಮೋರಿ ಕಟ್ಟಸೂದೂ ಅಕೀ ಸಲುವಾಗಿನ.” ಇಷ್ಟು ಹೇಳಿ ಮತ್ತೆ ಕಣಿಕೆ ಎಳೆಯತೊಡಗಿದಳು.

ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಶ್ಶಿನಿಂದ ಬಡಿದು ಅಕ್ಷರದೊಳಗೆ ಕೂಡಿಸಿದೆ. ಕಾಗದ ಅರೆ ಒಣಗಿದ ಮೇಲೆ ಬಟ್ಟೆಯ ಉಂಡೆಯಿಂದ ಮಸಿ ಒತ್ತಿದಾಗ ಸಾಲು ಸಾಲಾಗಿ ಬಿಳಿಯ ಅಕ್ಷರಗಳು ಎದ್ದವು. ಗುಡಿ ಕಟ್ಟಿದ ರೂವಾರಿಯ ಹೆಸರು ಅದರಲ್ಲಿತ್ತು. ಗುಡಿಯಲ್ಲಿ ಒಡೆದದ್ದು, ಬಿರಿದದ್ದು ಸರಿಪಡಿಸುವ ಖರ್ಚಿಗೆಂದು ಊರಿನ ಒಬ್ಬ ಹೆಣ್ಣುಮಗಳು ತನ್ನ ಹೊಲವನ್ನು ಬಿಟ್ಟುಕೊಟ್ಟದ್ದೂ ಇತ್ತು. ಇದನ್ನು ಕೆಡಿಸಿದವರಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ ಎಂಬ ಶಾಪ ಕೊನೆಯಲ್ಲಿ. ಓದಿ ಹೇಳಿದಾಗ ಅತ್ತೆ ಆ ಹೆಣ್ಣುಮಗಳ ಹೆಸರೇನೆಂದು ಕೇಳಿದಳು. ಹೆಸರಿದ್ದ ಮೂಲೆ ಒಡೆದುಹೋಗಿತ್ತು.

ಟೇಪು ಹಿಡಿಯಲು ಯಾರಾದರೂ ಬೇಕಿತ್ತು. ಅಷ್ಟರಲ್ಲಿ ಕಲ್ಲುಕೆಲಸದ ಇಮಾಮಸಾಬ ಬಂದರು. ಬ್ಯಾಡಗಿಯವರು, ಅರವತ್ತು ದಾಟಿದ ಮನುಷ್ಯ. ಕೆಡವುವ ಮೊದಲು ಯಾವ ಕಲ್ಲು ಯಾವುದಕ್ಕೆ ಬರುತ್ತದೆಂದು ಗುರುತು ಹಾಕಲು ಗುತ್ತೇದಾರ ಅವರನ್ನು ಕಳಿಸಿದ್ದ. ನಾನು ಬಂದ ಕಾರಣ ಮುಚ್ಚಿಡದೆ ಹೇಳಿದೆ. ಅವರು ನಕ್ಕು, “ನೀವು ಉಳಸಾಕ ಅಳೀತೀರಿ, ನಾ ಕೆಡವಾಕ ಅಳೀತೇನಿ. ಟೇಪ್ ಒಂದ ಆದ್ರ ಆತಲ್ರಿ ಅಕ್ಕೋರ” ಎಂದು ಇನ್ನೊಂದು ತುದಿ ಹಿಡಿದರು.

ಮಧ್ಯಾಹ್ನದ ತನಕ ಅಳೆದೆವು. ನಡುಮಂಟಪ, ಮೂರು ಗರ್ಭಗುಡಿಗಳು, ತಿರುಗಣಿಯಲ್ಲಿ ಕಡೆದಂತಿದ್ದ ಕಂಬಗಳು. ಇಮಾಮಸಾಬರು ಪ್ರತಿ ಕಂಬವನ್ನೂ ಅಂಗೈಯಿಂದ ಸವರಿ, ಬೆರಳುಗೆಣ್ಣಿನಿಂದ ತಟ್ಟಿ ನೋಡಿದರು. ಗುರುತಿನ ಸುಣ್ಣದುಂಡೆ ಕೈಯಲ್ಲೇ ಉಳಿಯಿತು. ಕಡೆಗೆ ಹೊರಗೆ ಬಿದ್ದಿದ್ದ ಒಂದು ತುಂಡನ್ನು ಎತ್ತಿ ಹೇಳಿದರು:

“ಇದು ಬಳಪದ ಕಲ್ರೀ. ಉಳಿಗೆ ಬೆಣ್ಣಿ ಹಂಗ ಬರತೈತಿ, ಅದಕ್ಕ ಇಷ್ಟು ಚೆಂದ ಕೆತ್ಯಾರ. ಆದರ ಮೋರಿ ಮ್ಯಾಲೆ ಹಾಸಿದ್ರ ಗಾಡಿಯ ಕಬ್ಬಿಣದ ಪಟ್ಟಿಗೆ ಸವದು ಹೋಗತೈತಿ. ತುಂಬಿದ ಗಾಡಿ ದಿನಾ ತಿರಗ್ಯಾಡಿದ್ರ ನಾಕೈದು ಮಳೆಗಾಲಕ್ಕ ಬಿರೀತೈತಿ.”

“ಇದನ್ನ ಗುತ್ತೇದಾರಗ ಹೇಳಿದ್ರೇನು?”

“ಹೇಳೇನ್ರಿ. ಮೋರಿ ಮುಗದು ಬಿಲ್ ಆದ ಮ್ಯಾಲೆ ನಮಗೇನು ಅಂದ.”

“ನಮ್ಮ ಮಾಮಾಗ ಹೇಳ್ತೀರೇನು?”

ಅವರು ಆ ತುಂಡನ್ನು ಕೆಳಗಿಟ್ಟು ಕೈ ಒರೆಸಿಕೊಂಡರು. ಗುತ್ತೇದಾರನ ಕೈಕೆಳಗಿನ ಮನುಷ್ಯ, ಹೊಟ್ಟೆಯ ಪ್ರಶ್ನೆ. “ಅವರು ಕೇಳಿದ್ರ ಸುಳ್ಳು ಹೇಳೂದಿಲ್ರಿ” ಎಂದರು. ನನಗೆ ಅಷ್ಟೇ ಸಾಕಾಗಿತ್ತು.

ಆ ಸಂಜೆ ಊಟಕ್ಕೆ ಕೂತಾಗ ಮಾವನಿಗೆ ಶಾಸನದ ಅಚ್ಚು ತೋರಿಸಿದೆ. ಶಾಪದ ಸಾಲನ್ನು ಓದಿದೆ. ಅವನು ರೊಟ್ಟಿ ಮುರಿಯುತ್ತ, “ಇಂಥಾ ಶಾಪಕ್ಕ ಹೆದರಿ ಅವತ್ತ ಹಳ್ಳ ನಿಂತಿತ್ತೇನು?” ಎಂದ. ನಾನು ಅಚ್ಚನ್ನು ಸುತ್ತಿಟ್ಟೆ. ಶಾಪದ ಮಾತು ತೆಗೆದದ್ದು ನನ್ನದೇ ತಪ್ಪು. ಆಮೇಲೆ ಕಲ್ಲಿನ ಮಾತು ಹೇಳಿದೆ. “ಇಮಾಮಸಾಬರನ್ನ ನೀನ ಕೇಳು. ಗಟ್ಟಿ ಮೋರಿ ಬೇಕೋ, ಲಗೂ ಆಗೂ ಮೋರಿ ಬೇಕೋ ಆಮ್ಯಾಲೆ ನೋಡು” ಎಂದೆ. ಮಾವ ಊಟ ಅರ್ಧಕ್ಕೆ ಬಿಟ್ಟು ಎದ್ದು ಕೈತೊಳೆದ.

ಬುಧವಾರ ಅಮಾವಾಸ್ಯೆ. ಊರಲ್ಲಿ ಯಾರೂ ಎತ್ತು ಹೂಡುವುದಿಲ್ಲ. ಮಾವ ಹೆಗಲ ಮೇಲೆ ಒಂದು ಹಾರೆ ಹೊತ್ತು, ಚಾವಡಿಯಲ್ಲಿ ಇಳಿದುಕೊಂಡಿದ್ದ ಇಮಾಮಸಾಬರನ್ನು ಕರೆದುಕೊಂಡು ಹೊರಟ. ನನಗೆ ಬಾ ಎನ್ನಲಿಲ್ಲ, ಬೇಡವೆಂದೂ ಹೇಳಲಿಲ್ಲ. ಹಿಂದೆ ನಡೆದೆ. ಊರಿನಿಂದ ಎರಡು ಮೈಲಿಗೆ ಒಂದು ಬೋಳುಗುಡ್ಡವಿದೆ. ನಡುಹೊತ್ತಿನ ಬಿಸಿಲಿಗೆ ಬಂಡೆಗಳು ಕಾದಿದ್ದವು. ಇಮಾಮಸಾಬರು ಅಲ್ಲಲ್ಲಿ ಸುತ್ತಿಗೆಯಿಂದ ಬಡಿಯುತ್ತ ನಡೆದರು. ಬಹಳ ಬಂಡೆಗಳು ಮಂದ ಸದ್ದು ಮಾಡಿದವು. ಗುಡ್ಡದ ಬಡಗಣ ಮಗ್ಗುಲಲ್ಲಿ ಒಂದು ಕರಿಬಂಡೆ ಗಂಟೆಯ ಹಾಗೆ ಖಣ್ಣೆಂದಿತು.

“ಇದು ನೋಡ್ರಿ. ಇದು ನನ್ನ ಮೊಮ್ಮಕ್ಕಳ ಕಾಲಕ್ಕೂ ಸವಿಯಾಂಗಿಲ್ಲ.”

ಮಾವ ಗುಡಿಯ ಹತ್ತಿರದಿಂದ ತಂದಿದ್ದ ಬಳಪದ ಕಲ್ಲಿನ ತುಂಡನ್ನು ಬಂಡೆಯ ಪಕ್ಕ ಇಟ್ಟ. ಹಾರೆಯ ಮೊನೆಯಿಂದ ತುಂಡಿನ ಮೇಲೆ ಬಲವಾಗಿ ಎಳೆದ. ಬೆರಳಿನಷ್ಟು ಗಾಯ ಬಿದ್ದು ಬೂದಿಯಂಥ ಪುಡಿ ಉದುರಿತು. ಬಂಡೆಯ ಮೇಲೆ ಎಳೆದ. ಕಬ್ಬಿಣದ ಗೆರೆ ಮಾತ್ರ ಮೂಡಿತು. ಮತ್ತೆ ಎರಡರ ಮೇಲೂ ಎಳೆದ. ನಾಲ್ಕೈದು ಸಲ ಹಾಗೆಯೇ ಮಾಡಿದ. ಆಮೇಲೆ ಹಾರೆ ನೆಲಕ್ಕೂರಿ ಕೇಳಿದ: “ಗುಡಿ ಕಲ್ಲಿನ ಮೋರಿ ಮಳೆಗಾಲದಾಗ ಕುಸೀತೈತೇನು, ಇಮಾಮಸಾಬ?”

“ಬಿರಕ ಬಿಟ್ಟರ ಮಳೆಗಾಲದಾಗನ ಕುಸಿಯೂದ್ರಿ ಗೌಡ್ರ. ನೀರಿನ ಜೋರು ಇರೂದು ಆವಾಗನ.”

ಮಾವ ಬಂಡೆಯ ಮೇಲೆ ಕೂತುಬಿಟ್ಟ. ನಾನು ಹತ್ತಿರ ಹೋಗಲಿಲ್ಲ. ಬಹಳ ಹೊತ್ತಾದ ಮೇಲೆ ಎದ್ದು, “ಒಡ್ಯಾಕ ಎಷ್ಟು ಮಂದಿ ಬೇಕು? ಗಾಡಿ ಎಷ್ಟು?” ಎಂದು ವಿಚಾರಿಸತೊಡಗಿದ. ಇಮಾಮಸಾಬರು ತಮ್ಮ ಇಬ್ಬರು ಅಳಿಯಂದಿರನ್ನು ಕರೆತರುತ್ತೇನೆಂದರು. ಗುತ್ತೇದಾರ ಕೆಲಸ ಬಿಡಿಸಿದರೆ ಏನು ಮಾಡುತ್ತೀರೆಂದು ನಾನು ಕೇಳಿದಾಗ, “ಕಲ್ಲು ಒಡಿಯೂದು ಅವನಿಂದ ಕಲತಿಲ್ಲಲ್ರಿ ಅಕ್ಕೋರ” ಎಂದರು.

ಇಳಿಯುವಾಗ ಮಾವ ನನ್ನ ಜೊತೆ ನಡೆದ. “ಪಟ್ಟಿಗೆ ಸೇರಿದ್ರ ಏನಾಗತೈತಿ? ಖರೇ ಹೇಳು.”

ಸುಲಭದ ಭಾಗ ಮಾತ್ರ ಹೇಳಬಹುದಿತ್ತು. ಹೇಳಲಿಲ್ಲ. ಹೊಲ ನಿನ್ನದೇ ಉಳಿಯುತ್ತದೆ, ಆದರೆ ಗುಡಿಯ ಒಂದು ಕಲ್ಲನ್ನೂ ನೀನು ಅಲುಗಿಸುವಂತಿಲ್ಲ ಎಂದೆ. ಕೆಡಿಸಿದವರಿಗೆ ದಂಡ, ಇಲ್ಲವೆ ಸಜೆ. ಕಣಿಕೆ ಒಟ್ಟುವಂತಿಲ್ಲ, ಕರು ಕಟ್ಟುವಂತಿಲ್ಲ. ನಿನ್ನ ತರುವಾಯ ಹೊಲ ಯಾರ ಕೈಗೆ ಹೋದರೂ ಅವರಿಗೂ ಇದೇ ಕಾಯಿದೆ.

“ನನ್ನ ತರುವಾಯ ಯಾರದಾರ?” ಎಂದ ಮಾವ. ಮನೆಯಲ್ಲಿ ಅತ್ತೆಗೆ, “ನಾಳಿಂದ ಕಣಿಕಿ ಹಿತ್ತಲಕ ಒಟ್ಟಸು” ಎಂದ. ಅತ್ತೆ ನೀರಿನ ತಂಬಿಗೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಳು. ಅವನು ಕುಲಕರ್ಣಿಯವರ ಹತ್ತಿರ ಹೋಗಿ ಹೊಲದ ಹಕ್ಕು ತೋರಿಸುವ ಉತಾರದ ನಕಲು ಬರೆಸಿಕೊಂಡು ಬಂದ.

ಗುರುವಾರ ನಸುಕಿನಲ್ಲಿ ಗಾಡಿ ಹೂಡಿದೆವು. ಅತ್ತೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಹಾವೇರಿಗೆ ಹನ್ನೊಂದು ಮೈಲು. ದೊಡ್ಡ ರಸ್ತೆ ಸೇರಿದ ಮೇಲೆ ಎರಡು ಮೋಟಾರುಗಳು ಧೂಳೆಬ್ಬಿಸಿ ಹೋದವು, ಎತ್ತುಗಳು ಬೆದರಿದವು. ಪ್ರವಾಸಿ ಬಂಗಲೆ ಮುಟ್ಟಿದಾಗ ಹತ್ತು ಗಂಟೆ. ಅಧಿಕಾರಿಗಳು ಪುಣೆಯ ಕಡೆಯವರು, ಮೂವತ್ತರ ಆಸುಪಾಸು. ಕನ್ನಡ ಕಲಿತಿದ್ದರು, ಪ್ರತಿ ಶಬ್ದವನ್ನೂ ಎಣಿಸಿ ಇಟ್ಟ ಹಾಗೆ ಮಾತಾಡುತ್ತಿದ್ದರು. ಅವರ ಟ್ರಂಕು ಆಗಲೇ ವರಾಂಡಾದಲ್ಲಿತ್ತು.

ನಕ್ಷೆಯ ಮೇಲೆ ಒಮ್ಮೆ ಕಣ್ಣಾಡಿಸಿ, “ಬಾಯಿಯವರೇ, ಮೂರು ಗರ್ಭಗುಡಿಯ ದೇವಾಲಯ ಈ ಜಿಲ್ಲೆಯಲ್ಲಿ ಬಹಳ ಇವೆ. ಎಲ್ಲವನ್ನೂ ಪಟ್ಟಿಗೆ ತೆಗೆದುಕೊಳ್ಳಲು ಆಗುವುದಿಲ್ಲ. ಬಂದವರೆಲ್ಲ ತಮ್ಮ ಊರಿನದೇ ದೊಡ್ಡದು ಎನ್ನುತ್ತಾರೆ. ನಿಮ್ಮದರಲ್ಲಿ ಏನು ವಿಶೇಷ?” ಎಂದರು.

ನಾನು ಅಚ್ಚನ್ನು ಮೇಜಿನ ಮೇಲೆ ಬಿಡಿಸಿದೆ. ರೂವಾರಿಯ ಹೆಸರಿನ ಮೇಲೆ ಬೆರಳಿಟ್ಟೆ. “ಕಟ್ಟಿಸಿದ ದೊರೆಗಳ ಹೆಸರು ಬಹಳ ಕಲ್ಲುಗಳಲ್ಲಿ ಸಿಗುತ್ತದೆ. ಇಲ್ಲಿ ಕಟ್ಟಿದವನ ಹೆಸರಿದೆ. ಮುಂದೆ ಒಡೆದದ್ದನ್ನು ಯಾವ ಹೊಲದ ಹುಟ್ಟುವಳಿಯಿಂದ ಸರಿಪಡಿಸಬೇಕೆಂದೂ ಇದೆ. ನೀವು ಈಗ ಮಾಡುತ್ತಿರುವ ಕೆಲಸವನ್ನೇ ಆ ಊರಿನ ಒಬ್ಬ ಹೆಣ್ಣುಮಗಳು ಅಂದು ತನ್ನ ಹೊಲ ಕೊಟ್ಟು ಮಾಡಿದ್ದಳು. ಅವಳಿಗೆ ಪಟ್ಟಿಯಿರಲಿಲ್ಲ” ಎಂದೆ. ನನ್ನ ದನಿ ನಾನೆಣಿಸಿದ್ದಕ್ಕಿಂತ ಜೋರಾಗಿ ಬಂದಿತ್ತು. ಅವರು ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ಹಾಕಿಕೊಂಡು ಅಚ್ಚನ್ನು ಮೊದಲಿನಿಂದ ಓದತೊಡಗಿದರು. ಎರಡು ಕಡೆ ನನ್ನ ಓದು ತಪ್ಪೆಂದರು. ಒಂದು ತಪ್ಪನ್ನು ಒಪ್ಪಿದೆ, ಇನ್ನೊಂದನ್ನು ಒಪ್ಪಲಿಲ್ಲ. ಮತ್ತೆ ನೋಡಿ, ಅದು ಸರಿಯೆಂದರು.

ಆಮೇಲೆ ಬಾಗಿಲ ಹೊರಗೆ ನಿಂತಿದ್ದ ಮಾವನನ್ನು ಒಳಗೆ ಕರೆಸಿದರು. “ಮಾಲೀಕರು ನೀವೇ? ಪಟ್ಟಿಗೆ ಸೇರಿದರೆ ಅಲ್ಲಿ ಒಂದು ಕರುವನ್ನೂ ಕಟ್ಟುವಂತಿಲ್ಲ. ಗೊತ್ತಿದೆಯೆ?”

“ಹೇಳ್ಯಾಳ್ರಿ.”

“ಮಾಲೀಕರು ಸಾಮಾನ್ಯವಾಗಿ ತಕರಾರು ಮಾಡುತ್ತಾರೆ. ನೀವು ಯಾಕೆ ಒಪ್ಪಿದಿರಿ?”

ಮಾವ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. “ಆ ಕಲ್ಲು ಮೆತ್ತಗೈತ್ರಿ ಸಾಹೇಬ್ರ. ನನ್ನ ಮಗಳ ಹಾದಿಗೆ ಆಗೂದಿಲ್ಲ.”

ಸಾಹೇಬರಿಗೆ ತಿಳಿಯಲಿಲ್ಲ. ನನ್ನ ಮುಖ ನೋಡಿದರು. ನಾನು ಹೇಳಿದೆ, ನಾಲ್ಕು ಮಾತಿನಲ್ಲಿ. ಅವರು ಮಾವನಿಗೆ ಕುರ್ಚಿ ತೋರಿಸಿದರು. ಆಮೇಲೆ ಊರಿನ ಹೆಸರು, ಸರ್ವೆ ನಂಬರು, ಅಳತೆ ಎಲ್ಲ ಬರೆದುಕೊಂಡು, ಒಪ್ಪಿಗೆಯ ಕಾಗದಕ್ಕೆ ಮಾವನ ರುಜು ತೆಗೆದುಕೊಂಡರು. ಮಾವ ಒಂದೊಂದೇ ಅಕ್ಷರ ಕೂಡಿಸಿ ತನ್ನ ಪೂರ್ತಿ ಹೆಸರು ಬರೆದ.

ಮುಂದಿನದನ್ನು ಅವರು ಮುಚ್ಚಿಡದೆ ಹೇಳಿದರು. ಈ ಕಾಗದ ಮೇಲಿನವರಿಗೆ ಹೋಗಬೇಕು. ಅವರು ಒಪ್ಪಿದರೆ ಸರಕಾರದ ಗ್ಯಾಝೆಟ್ಟಿನಲ್ಲಿ ಅಚ್ಚಾಗುತ್ತದೆ. ಅದರ ಒಂದು ಪ್ರತಿಯನ್ನು ಗುಡಿಗೇ ಅಂಟಿಸುತ್ತಾರೆ. ಒಂದು ತಿಂಗಳೊಳಗೆ ಯಾರ ತಕರಾರಿದ್ದರೂ ಕೇಳಿ, ಆಮೇಲೆ ಕಾಯಂ ಮಾಡುತ್ತಾರೆ.

“ಅಲ್ಲಿಯ ತನಕ ಯಾರಾದರೂ ಕೆಡವಲು ಬಂದರೆ?” ಎಂದು ಕೇಳಿದೆ.

“ಅಲ್ಲಿಯ ತನಕ ನನಗೆ ಅಧಿಕಾರವಿಲ್ಲ. ಅಧಿಕಾರವಿರುವುದು ಇವರಿಗೆ” ಎಂದು ಮಾವನನ್ನು ತೋರಿಸಿದರು.

ಹೊರಗೆ ಬಂದು ಬೇವಿನ ನೆರಳಲ್ಲಿ ರೊಟ್ಟಿಯ ಗಂಟು ಬಿಚ್ಚಿದೆವು. ಮಾವ ಕೇಳಿದ, “ಆತಲ್ಲ?”

“ಪೂರ್ತಿ ಆಗಿಲ್ಲ ಮಾಮಾ. ಬರಕೊಂಡಾರ.”

“ಆಗೂತನಕ ನಾ ಅದೇನಿ, ಉಣ್ಣು” ಎಂದ. ಊಟ ಮುಗಿಸಿ ಪೇಟೆಗೆ ಹೋಗಿ ಬಂಡೆ ಸೀಳುವ ಉಕ್ಕಿನ ಬೆಣೆಗಳನ್ನು, ಎರಡು ದೊಡ್ಡ ಸುತ್ತಿಗೆಗಳನ್ನು ಕೊಂಡ. ಗುತ್ತೇದಾರನ ಮನೆ ಅಲ್ಲೇ ಹಾವೇರಿಯಲ್ಲಿತ್ತು. ನನ್ನನ್ನು ಅಂಗಡಿಯ ಹತ್ತಿರ ನಿಲ್ಲಿಸಿ ಒಬ್ಬನೇ ಹೋದ. ಬಂದು ಹೇಳಿದ್ದು ಇಷ್ಟೇ: “ಒದರ್ಯಾಡಿದ. ಒದರ್ಯಾಡಲಿ. ಬೇರೆ ಕಲ್ಲು ನಾವು ತಂದು ಹಾಕಿದ್ರ ಕಟ್ಟತೇನಿ ಅಂದ.”

ಮೋರಿ ಆ ವರ್ಷದ ಮೊದಲ ಮಳೆಗೆ ಹತ್ತು ದಿನ ಮುಂಚೆ ಮುಗಿಯಿತೆಂದು ಆಮೇಲೆ ತಿಳಿಯಿತು. ಊರಿನ ಗಾಡಿಗಳೆಲ್ಲ ಸರದಿಯ ಮೇಲೆ ಗುಡ್ಡದಿಂದ ಕಲ್ಲು ಹೊತ್ತವಂತೆ. ಗ್ಯಾಝೆಟ್ಟಿನ ಕಾಗದ ಗುಡಿಯ ಬಾಗಿಲಿಗೆ ಬಂದದ್ದು ಮರುವರ್ಷದ ಬೇಸಿಗೆಯಲ್ಲಿ. ತಿಂಗಳ ಮುದ್ದತಿನೊಳಗೆ ತಕರಾರು ಯಾರೂ ಕೊಡಲಿಲ್ಲ.

ಆ ಗುರುವಾರ ಮಧ್ಯಾಹ್ನದ ರೈಲಿಗೆ ನಾನು ಹಾವೇರಿ ಬಿಟ್ಟೆ. ಮಾವ ಸ್ಟೇಶನ್ನಿಗೆ ಬರಲಿಲ್ಲ, ಕತ್ತಲಾಗುವುದರೊಳಗೆ ಹಳ್ಳ ದಾಟಬೇಕೆಂದು ಮೊದಲೇ ಹೊರಟಿದ್ದ. ಊರು ದಾಟಿದ ಮೇಲೆ ಸ್ವಲ್ಪ ದೂರ ರೈಲುಹಾದಿಯೂ ರಸ್ತೆಯೂ ಜೊತೆಗೂಡಿ ಹೋಗುತ್ತವೆ. ಅಲ್ಲಿ ಅವನ ಗಾಡಿ ಕಂಡಿತು. ಹಿಂದೆ ಹೇರಿದ್ದ ಬೆಣೆಗಳ ಭಾರಕ್ಕೆ ನೊಗ ಸ್ವಲ್ಪ ಎದ್ದಿತ್ತು. ಅದನ್ನು ಸರಿದೂಗಿಸಲು ಮಾವ ಮುಂದಕ್ಕೆ ಸರಿದು ಗಾಡಿಯ ಮುಂತುದಿಯ ಮೂಕಿಯ ಮೇಲೆ ಕೂತಿದ್ದ. ಕಿಟಕಿಯಿಂದ ಕೈಬೀಸಿದೆ. ಅವನು ನೋಡಲಿಲ್ಲ. ಮುಂದಿನ ಹಾದಿಯನ್ನೇ ನೋಡುತ್ತ, ಎತ್ತುಗಳನ್ನು ಮೂಡಲ ಕಡೆಯ ಮಣ್ಣುಹಾದಿಗೆ ಹೊರಳಿಸಿದ.